ಕೆಲಸಕ್ಕೆ ಸೇರುವ ಮುನ್ನ ವೈದ್ಯಕೀಯ ತಪಾಸಣೆ: ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಜಗಳೂರು ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು ಬಂದ ಹುಡುಗನೊಬ್ಬ ನಮ್ಮ ಪ್ರಯೋಗಾಲಯದ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದ. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಅದರೊಳಗೆ ನೇಮಕಾತಿ ಪತ್ರ. ಮರುದಿನ ಸಂಜೆಯೊಳಗೆ ವರದಿ ಒಪ್ಪಿಸಬೇಕಿತ್ತು. ತೋಳಿಗೆ ಪಟ್ಟಿ ಕಟ್ಟುತ್ತಾ ಎಂದಿನಂತೆ, "ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀಯೇನಪ್ಪಾ?" ಎಂದು ಕೇಳಿದೆ. "ಬಸ್ ಇಳಿದವನೇ ಒಂದು ಬೆಣ್ಣೆದೋಸೆ ತಿಂದೆ ಅಕ್ಕಾ. ರಕ್ತ ಕೊಡಬೇಕಲ್ಲ, ಶಕ್ತಿ ಇರಲಿ ಎಂದುಕೊಂಡೆ" ಎಂದ. ಬರಿಹೊಟ್ಟೆಯಲ್ಲಿ ಮಾಡಬೇಕಾದ ಸಕ್ಕರೆ ಪರೀಕ್ಷೆ ಅಂದು ಆಗಲಿಲ್ಲ. ಊರಿಗೆ ಹೋಗಿ ಮತ್ತೆ ಬರುವಷ್ಟು ಹಣ ಅವನ ಬಳಿ ಇರಲಿಲ್ಲ. ಪರಿಚಯದವರ ಮನೆಯ ಜಗಲಿಯಲ್ಲಿ ಮಲಗಿ ಮರುದಿನ ಆರೂವರೆಗೆ ಬಂದ. ಅವನದು ತಪ್ಪೇನೂ ಇರಲಿಲ್ಲ. ಯಾರೂ ಅವನಿಗೆ ಹೇಳಿರಲಿಲ್ಲ, ಪತ್ರದಲ್ಲೂ ಬರೆದಿರಲಿಲ್ಲ.

ದಾವಣಗೆರೆಯಲ್ಲಿ ಪ್ರಯೋಗಾಲಯ ತಂತ್ರಜ್ಞೆಯಾಗಿ 19 ವರ್ಷ ಕಳೆದಿದ್ದೇನೆ. ಹೊಸ ಕೆಲಸಕ್ಕೆ ಸೇರುವವರ ರಕ್ತ, ಮೂತ್ರ ಪರೀಕ್ಷಿಸುವುದು ನನ್ನ ದಿನನಿತ್ಯದ ಕೆಲಸ. ಆದರೆ ಈ ಬರಹಕ್ಕೆ ನಿಜವಾದ ಕಾರಣ ನನ್ನ ತಂದೆ. ಅವರು ಈ ಊರಿನ ಒಂದು ಹತ್ತಿ ಗಿರಣಿಯಲ್ಲಿ ಹತ್ತಿ ಹಿಂಜುವ ಯಂತ್ರಗಳ ವಿಭಾಗದಲ್ಲಿ 22 ವರ್ಷ ದುಡಿದರು. ವಾರದ ರಜೆ ಮುಗಿಸಿ ಮೊದಲ ದಿನ ಪಾಳಿಗೆ ಹೋದಾಗಲೆಲ್ಲ ಅವರಿಗೆ ಎದೆ ಬಿಗಿಯುತ್ತಿತ್ತು, ವಾರ ಕಳೆದಂತೆ ಸ್ವಲ್ಪ ಸಡಿಲವಾಗುತ್ತಿತ್ತು. ಹತ್ತಿಯ ಧೂಳಿನಿಂದ ಬರುವ ಬಿಸ್ಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಲಕ್ಷಣವೇ ಇದು ಎಂದು ನನಗೆ ತಿಳಿದದ್ದು ಓದು ಮುಗಿಸಿದ ಮೇಲೆ. ಪರಿಹಾರ ಕೇಳಲು ಹೋದಾಗ, "ಬೀಡಿ ಸೇದುತ್ತಿದ್ದಿರಲ್ಲ, ಇದು ಧೂಳಿನಿಂದಲೇ ಬಂದದ್ದು ಎನ್ನಲು ಏನು ಆಧಾರ?" ಎಂದು ಕೇಳಿದರು. ಕೆಲಸಕ್ಕೆ ಸೇರಿದ ದಿನ ಅವರ ಶ್ವಾಸಕೋಶ ಹೇಗಿತ್ತು ಎಂದು ಹೇಳುವ ಒಂದು ಹಾಳೆಯೂ ನಮ್ಮ ಮನೆಯಲ್ಲಿ ಇರಲಿಲ್ಲ.

ಸೇರುವ ಮುಂಚಿನ ತಪಾಸಣೆಯನ್ನು ಹೆಚ್ಚಿನವರು ದಾಟಬೇಕಾದ ಹೊಸ್ತಿಲು ಎಂದು ಮಾತ್ರ ನೋಡುತ್ತಾರೆ. ಹೊಸ್ತಿಲು ಹೌದು. ಜೊತೆಗೆ, ನಿಮ್ಮ ದೇಹ ಈ ಕೆಲಸಕ್ಕೆ ಕಾಲಿಟ್ಟಾಗ ಹೇಗಿತ್ತು ಎಂಬುದಕ್ಕೆ ನಿಮಗೆ ಸಿಗುವ ಒಂದೇ ಸಾಕ್ಷಿಯೂ ಅದೇ. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಮೊದಲು ಪತ್ರವನ್ನು ಎರಡು ಸಲ ಓದಿ

ತಪಾಸಣೆ ಎಂದಕೂಡಲೇ ಹತ್ತಿರದ ಪ್ರಯೋಗಾಲಯಕ್ಕೆ ಓಡಬೇಡಿ. ಪತ್ರದಲ್ಲಿ ಮೂರು ಸಂಗತಿ ಹುಡುಕಿ: ಯಾರು ಪರೀಕ್ಷಿಸಬೇಕು, ಯಾವ ನಮೂನೆಯಲ್ಲಿ ಬರೆದುಕೊಡಬೇಕು, ಎಂದಿನೊಳಗೆ ಒಪ್ಪಿಸಬೇಕು. ಖಾಸಗಿ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ಕಟ್ಟಿ ಎಲ್ಲ ಪರೀಕ್ಷೆ ಮಾಡಿಸಿದ ಮೇಲೆ, ಬೇಕಾದದ್ದು ಸರ್ಕಾರಿ ವೈದ್ಯರ ಸಹಿ ಎಂದು ತಿಳಿದು ತಲೆಯ ಮೇಲೆ ಕೈ ಹೊತ್ತವರನ್ನು ಪ್ರತಿ ನೇಮಕಾತಿಯ ಕಾಲದಲ್ಲೂ ನೋಡುತ್ತೇನೆ.

ರಾಜ್ಯ ಸರ್ಕಾರದ ಹುದ್ದೆಗೆ ಸರ್ಕಾರಿ ವೈದ್ಯಾಧಿಕಾರಿಗಳ ಪ್ರಮಾಣಪತ್ರ ಬೇಕು. ಅದನ್ನು ಜಿಲ್ಲಾ ಶಸ್ತ್ರಚಿಕಿತ್ಸಕರು ಕೊಡಬೇಕೋ, ಹಲವು ವೈದ್ಯರು ಸೇರಿದ ವೈದ್ಯಕೀಯ ಮಂಡಳಿ ಕೊಡಬೇಕೋ ಎಂಬುದು ಹುದ್ದೆಯ ದರ್ಜೆಗೆ ತಕ್ಕಂತೆ ಬದಲಾಗುತ್ತದೆ. ಆದೇಶದಲ್ಲಿ ಯಾರ ಹೆಸರಿದೆಯೋ ಅವರ ಬಳಿಗೇ ಹೋಗಿ. ದಾವಣಗೆರೆಯವರು ಇದಕ್ಕೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ, ಚಿತ್ರದುರ್ಗದವರು ಅಲ್ಲಿನ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾರೆ. ಮಂಡಳಿ ಎಲ್ಲ ದಿನವೂ ಸೇರುವುದಿಲ್ಲವಾದ್ದರಿಂದ ಒಂದು ದಿನ ಮೊದಲೇ ಹೋಗಿ ದಿನ, ಸಮಯ, ಶುಲ್ಕ ಕೇಳಿಕೊಂಡು ಬನ್ನಿ. ಹಿರಿಯೂರು, ಮೊಳಕಾಲ್ಮೂರು, ಹೊನ್ನಾಳಿಯಂಥ ದೂರದ ತಾಲ್ಲೂಕುಗಳವರು ಹೊರಡುವ ಮುನ್ನ ಆಸ್ಪತ್ರೆಯ ಕಚೇರಿಗೆ ದೂರವಾಣಿ ಮಾಡಿ ವಿಚಾರಿಸಿದರೆ ಒಂದು ದಿನದ ಬಸ್ ಖರ್ಚು ಉಳಿಯುತ್ತದೆ.

ರೈಲ್ವೆಯದು ಬೇರೆಯೇ ದಾರಿ. ಹೊರಗಿನ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಅವರೇ ದಿನ ಗೊತ್ತುಮಾಡಿ ರೈಲ್ವೆಯ ಆಸ್ಪತ್ರೆಗೆ ಕಳುಹಿಸುತ್ತಾರೆ. ಖಾಸಗಿ ಕಂಪನಿಗಳು ತಾವು ಒಪ್ಪಂದ ಮಾಡಿಕೊಂಡ ಆಸ್ಪತ್ರೆ ಅಥವಾ ಪ್ರಯೋಗಾಲಯದ ಹೆಸರು ಕೊಡುತ್ತವೆ. ಹೆಸರು ಕೊಡದಿದ್ದರೆ, ನೋಂದಾಯಿತ ವೈದ್ಯರು ಯಾರಾದರೂ ನಡೆಯುತ್ತದೆಯೇ, ಖರ್ಚು ಯಾರದು ಎಂಬ ಎರಡು ಪ್ರಶ್ನೆಗಳನ್ನು ಮಿಂಚಂಚೆಯಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ "ಆಮೇಲೆ ಕೊಡುತ್ತೇವೆ" ಎಂದ ಹಣ ಎಷ್ಟೋ ಮಂದಿಗೆ ಬಂದೇ ಇಲ್ಲ.

ಕೆಲಸ ಯಾವುದು, ಪರೀಕ್ಷೆ ಯಾವುದು

ಎತ್ತರ, ತೂಕ, ರಕ್ತದೊತ್ತಡ, ದೃಷ್ಟಿ, ಹಿಮೋಗ್ಲೋಬಿನ್, ಸಕ್ಕರೆ, ಮೂತ್ರ, ಎದೆಯ ಎಕ್ಸ್‌ರೇ, ಸ್ವಲ್ಪ ವಯಸ್ಸಾದವರಿಗೆ ಇಸಿಜಿ: ಇಷ್ಟನ್ನು ಬಹುತೇಕ ಎಲ್ಲರೂ ಕೇಳುತ್ತಾರೆ. ಇದರಾಚೆಗೆ ಕೆಲಸಕ್ಕೆ ತಕ್ಕ ಪರೀಕ್ಷೆಗಳಿವೆ, ನೀವು ಗಮನ ಕೊಡಬೇಕಾದದ್ದು ಅಲ್ಲಿ.

ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಸುತ್ತಿನ ಅದಿರು ಗಣಿಗಳಿಗೆ ಸೇರುವವರಿಗೆ 1955ರ ಗಣಿ ನಿಯಮಗಳಂತೆ ಆರಂಭಿಕ ತಪಾಸಣೆ ಕಡ್ಡಾಯ. ಆಮೇಲೆ ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ ಮರುತಪಾಸಣೆ. ಅದರ ವರದಿಯನ್ನು ಬರೆಯುವ ಹಾಳೆಗೆ ಗಣಿಯವರು 'ಫಾರ್ಮ್ ಓ' ಎನ್ನುತ್ತಾರೆ. ಅಲ್ಲಿ ಎದೆಯ ಎಕ್ಸ್‌ರೇ, ಶ್ವಾಸ ಊದುವ ಪರೀಕ್ಷೆ, ಕಿವಿಯ ಪರೀಕ್ಷೆ ಮೂರೂ ಮುಖ್ಯ, ಏಕೆಂದರೆ ಗಣಿಯಲ್ಲಿ ದೇಹಕ್ಕೆ ಪೆಟ್ಟು ಬೀಳುವುದು ಕಲ್ಲಿನ ಧೂಳಿನಿಂದ ಮತ್ತು ಯಂತ್ರದ ಸದ್ದಿನಿಂದ. ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಒಮ್ಮೆ ಬಂದರೆ ಹಿಂದಕ್ಕೆ ಹೋಗುವುದಿಲ್ಲ. ಹದಿನೆಂಟು ತುಂಬದವರನ್ನು ಗಣಿ ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ ಎಂಬುದೂ ನೆನಪಿರಲಿ.

ಕಾರ್ಖಾನೆಗಳ ವಿಷಯದಲ್ಲಿ, ಅಪಾಯಕಾರಿ ವಸ್ತುಗಳ ನಡುವೆ ಕೆಲಸ ಮಾಡುವವರನ್ನು ಆ ಕೆಲಸಕ್ಕೆ ಹಾಕುವ ಮುನ್ನ, ಮತ್ತು ಆಮೇಲೆ 12 ತಿಂಗಳು ಮೀರದ ಅಂತರದಲ್ಲಿ ಪರೀಕ್ಷಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 41-ಸಿ ಕಲಮು ಹೇಳಿತು. ಉದ್ಯೋಗದಾತರೇ ಉಚಿತವಾಗಿ ವಾರ್ಷಿಕ ತಪಾಸಣೆ ಮಾಡಿಸಬೇಕು ಎಂಬ ಮಾತು 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿದೆ. ನೂಲಿನ ಗಿರಣಿ, ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿ, ಹೀಗೆ ಧೂಳಿರುವ ಯಾವುದೇ ಕಡೆ ಸೇರುವಾಗ ಶ್ವಾಸದ ಪರೀಕ್ಷೆಯನ್ನು ಅವರು ಕೇಳದಿದ್ದರೂ ನೀವೇ ಕೇಳಿ ಮಾಡಿಸಿಕೊಳ್ಳಿ. ಇದೊಂದು ಮಾತನ್ನು ನನ್ನ ತಂದೆಯ ಹೆಸರಿನಲ್ಲಿ ಕೇಳಿಕೊಳ್ಳುತ್ತಿದ್ದೇನೆ.

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನ ಗಾಳಿಯಂತ್ರಗಳ ದುರಸ್ತಿಗೆ ಹೋಗುವ ಹುಡುಗರಿಗೆ ಎತ್ತರದ ಕೆಲಸದ ತಪಾಸಣೆ ಇರುತ್ತದೆ. ಮೂರ್ಛೆರೋಗ, ತಲೆಸುತ್ತು, ರಕ್ತದೊತ್ತಡ, ಕಣ್ಣು ಮುಚ್ಚಿ ನಿಂತಾಗ ದೇಹದ ಸಮತೋಲ ಹೇಗಿದೆ ಎಂಬುದನ್ನೆಲ್ಲ ನೋಡುತ್ತಾರೆ. ಚಿಕ್ಕಂದಿನಲ್ಲಿ ಒಮ್ಮೆ ಫಿಟ್ಸ್ ಬಂದದ್ದನ್ನು ಮುಚ್ಚಿಟ್ಟು ಗೋಪುರ ಹತ್ತುವುದಕ್ಕಿಂತ, ವೈದ್ಯರಿಗೆ ಹೇಳಿ ನೆಲದ ಮೇಲಿನ ಕೆಲಸ ಕೇಳುವುದು ಮೇಲು.

ಹೋಟೆಲ್, ಬೇಕರಿ, ಮಂಡಕ್ಕಿ ಭಟ್ಟಿ, ಸಿಹಿತಿಂಡಿ ಅಂಗಡಿಗಳಲ್ಲಿ ಆಹಾರ ಮುಟ್ಟುವವರಿಗೆ ಆಹಾರ ಸುರಕ್ಷತಾ ನಿಯಮಗಳಂತೆ ವರ್ಷಕ್ಕೊಮ್ಮೆ ತಪಾಸಣೆ. ಚರ್ಮ, ಕಣ್ಣು, ಸಾಮಾನ್ಯ ದೇಹಪರೀಕ್ಷೆ, ಟೈಫಾಯ್ಡ್‌ನಂಥ ಕರುಳಿನ ರೋಗಗಳ ವಿರುದ್ಧದ ಲಸಿಕೆ, ಅನುಮಾನವಿದ್ದರೆ ಸಾಂಕ್ರಾಮಿಕ ರೋಗಗಳ ಪರೀಕ್ಷೆ. ಬೆಣ್ಣೆದೋಸೆಯ ಹೆಂಚಿನ ಮುಂದೆ ನಿಲ್ಲುವವರಿಗೂ ಇದು ಅನ್ವಯಿಸುತ್ತದೆ.

ನಮ್ಮ ಊರಿನಲ್ಲಿ ನರ್ಸಿಂಗ್, ಪ್ರಯೋಗಾಲಯ ತಂತ್ರಜ್ಞಾನ ಓದಿದವರು ಬಹಳ. ಆಸ್ಪತ್ರೆ ಕೆಲಸಕ್ಕೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಕೇಳುತ್ತಾರೆ. ಅದು ಮೂರು ಡೋಸು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರೂ ಆದ ಮೇಲೆ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ 10 ಅಥವಾ ಹೆಚ್ಚಿದ್ದರೆ ರಕ್ಷಣೆ ಬಂದಿದೆ ಎಂದರ್ಥ. ಕೊನೆಯ ಸೆಮಿಸ್ಟರ್ ಮುಗಿಯುವವರೆಗೆ ಕಾಯದೆ ಓದುತ್ತಿರುವಾಗಲೇ ಹಾಕಿಸಿಕೊಳ್ಳಿ, ಕಾರ್ಡನ್ನು ಜೋಪಾನ ಮಾಡಿ.

ಚಾಲಕರಿಗೆ ಸಾರಿಗೆ ಪರವಾನಗಿಗೆ ಬೇಕಾದ ವೈದ್ಯಕೀಯ ನಮೂನೆ 1-ಎ. ಬಣ್ಣಗುರುಡು ಇದ್ದವರಿಗೆ ಪರವಾನಗಿಯೇ ಇಲ್ಲ ಎಂಬ ಭಯ ಇನ್ನೂ ಹಳ್ಳಿಗಳಲ್ಲಿದೆ. 2020ರ ತಿದ್ದುಪಡಿಯ ನಂತರ ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇದ್ದವರಿಗೂ ಅವಕಾಶವಿದೆ.

ಕಣ್ಣಿನ ವಿಷಯದಲ್ಲಿ ಅತಿ ಕಟ್ಟುನಿಟ್ಟು ರೈಲ್ವೆ. ಎ-1, ಎ-2, ಎ-3, ಬಿ-1, ಬಿ-2, ಸಿ-1, ಸಿ-2 ಎಂದು ಅವರ ವರ್ಗಗಳು. ಸಹಾಯಕ ಲೋಕೋ ಪೈಲಟ್ ಹುದ್ದೆ ಎ-1ರಲ್ಲಿದೆ: ಎರಡೂ ಕಣ್ಣಿಗೆ ಕನ್ನಡಕವಿಲ್ಲದೆ 6/6 ದೃಷ್ಟಿ, ಬಣ್ಣದ ದೃಷ್ಟಿ, ರಾತ್ರಿ ದೃಷ್ಟಿ ಎಲ್ಲವೂ ಸರಿಯಿರಬೇಕು. ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕನ್ನಡಕ ಬಿಟ್ಟವರಿಗೂ ಆ ಹುದ್ದೆ ಸಿಗುವುದಿಲ್ಲ. ಹಳಿ ನಿರ್ವಹಣೆಯ ಕೆಲಸ ಬಿ-1: ಕನ್ನಡಕ ಇದ್ದರೂ ಇಲ್ಲದಿದ್ದರೂ ಒಂದು ಕಣ್ಣು 6/9, ಇನ್ನೊಂದು 6/12, ಮಸೂರದ ಶಕ್ತಿ ನಾಲ್ಕು ಡಯಾಪ್ಟರ್ ಮೀರಬಾರದು. ಇದನ್ನು ಅರ್ಜಿ ಹಾಕುವಾಗಲೇ ನೋಡಿಕೊಳ್ಳಿ. ಎರಡು ವರ್ಷ ಓದಿ, ಲಿಖಿತ ಪರೀಕ್ಷೆ ಗೆದ್ದು, ಬಣ್ಣದ ಚುಕ್ಕೆಗಳ ಪುಸ್ತಕದ ಮುಂದೆ ಸೋತು ಬಂದ ಹುಡುಗರ ಮುಖ ನೋಡಲಾಗುವುದಿಲ್ಲ. ಚುಕ್ಕೆಗಳ ನಡುವಿನ ಅಂಕಿ ಓದಿಸುವ ಆ ಇಶಿಹಾರಾ ಪರೀಕ್ಷೆಯನ್ನು ಕಣ್ಣಿನ ವೈದ್ಯರ ಬಳಿ ಹತ್ತು ನಿಮಿಷದಲ್ಲಿ ಮಾಡಿಸಿಕೊಳ್ಳಬಹುದು.

ಎರಡು ಮೂರು ವಾರ ಮೊದಲು

ಆದೇಶ ಬರುವವರೆಗೆ ಕಾಯದೆ, ಆಯ್ಕೆ ಪಟ್ಟಿಯಲ್ಲಿ ಹೆಸರು ಕಂಡ ದಿನವೇ ಇದನ್ನು ಶುರುಮಾಡಿ.

ಕಣ್ಣು ತೋರಿಸಿ. ಕನ್ನಡಕದ ಸಂಖ್ಯೆ ಬದಲಾಗಿದ್ದರೆ ಹೊಸದು ಮಾಡಿಸಿ, ಚೀಟಿ ಇಟ್ಟುಕೊಳ್ಳಿ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಕಿವಿ ವೈದ್ಯರ ಬಳಿ ತೆಗೆಸಿ. ಬರೀ ಗುಗ್ಗೆಯಿಂದ ಶ್ರವಣ ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿದ್ದಾರೆ. ಬಾಯಿಯನ್ನೂ ನೋಡಿಸಿ. ಗುಟ್ಕಾ, ಅಡಿಕೆ ಜಗಿಯುವವರಿಗೆ ಬಾಯಿ ಮೂರು ಬೆರಳಿನಷ್ಟು ತೆರೆಯದಿದ್ದರೆ ಅದು ಕೆಲಸಕ್ಕಿಂತ ದೊಡ್ಡ ವಿಷಯ, ತಡಮಾಡದೆ ದಂತವೈದ್ಯರ ಬಳಿ ಹೋಗಿ. ಅಂದಹಾಗೆ, ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರು ಹಲ್ಲಿನ ಕಂದು ಗೆರೆಗಳ ಬಗ್ಗೆ ನಾಚಿಕೆಪಟ್ಟು ಬಾಯಿ ತೆರೆಯಲು ಹಿಂಜರಿಯುತ್ತಾರೆ. ಅದು ಕೊಳವೆಬಾವಿ ನೀರಿನ ಫ್ಲೋರೈಡ್ ಮಾಡಿದ ಗುರುತು. ಹಲ್ಲಿನ ಬಣ್ಣಕ್ಕಾಗಿ ಯಾರನ್ನೂ ಅನರ್ಹಗೊಳಿಸುವುದಿಲ್ಲ.

ಹಿಮೋಗ್ಲೋಬಿನ್ ನೋಡಿಸಿ. ಗಂಡಸರಿಗೆ 13, ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಎಂಟು, ಒಂಬತ್ತು ಕಾಣುವುದು ಅಪರೂಪವಲ್ಲ. ಹಿಂದಿನ ದಿನ ಬೀಟ್ರೂಟ್ ರಸ ಕುಡಿದರೆ ಅದು ಏರುವುದಿಲ್ಲ. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ವಾರಗಟ್ಟಲೆ ತಪ್ಪದೆ ನುಂಗಬೇಕು, ಅದರ ಹಿಂದೆ ಮುಂದೆ ಚಹಾ, ಕಾಫಿ ಕುಡಿಯಬಾರದು.

ಹಳೆಯ ಕಾಗದಗಳನ್ನು ಹುಡುಕಿ ಒಂದು ಕಡೆ ಸೇರಿಸಿ. ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ, ಲಸಿಕೆ ಕಾರ್ಡು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ. ಎಂದಾದರೂ ಕ್ಷಯಕ್ಕೆ ಚಿಕಿತ್ಸೆ ಪಡೆದಿದ್ದರೆ ಅದು ಪೂರ್ಣಗೊಂಡದ್ದರ ದಾಖಲೆ ಬಹಳ ಮುಖ್ಯ. ವಾಸಿಯಾದ ಕ್ಷಯವೂ ಎಕ್ಸ್‌ರೇಯಲ್ಲಿ ಕಲೆಯಾಗಿ ಉಳಿಯುತ್ತದೆ. ಕಾಗದವಿದ್ದರೆ ವೈದ್ಯರು ಹಳೆಯ ಕಲೆ ಎಂದು ಬರೆದು ಮುಂದೆ ಹೋಗಬಹುದು. ಇಲ್ಲದಿದ್ದರೆ ಕಫ ಪರೀಕ್ಷೆ, ಮರುಪರೀಕ್ಷೆ ಎಂದು ದಿನಗಳು ಹೋಗುತ್ತವೆ. ಅಂಗವೈಕಲ್ಯದ ಮೀಸಲಾತಿಯಲ್ಲಿ ಆಯ್ಕೆಯಾದವರು ಯುಡಿಐಡಿ ಕಾರ್ಡಿನ ಮೂಲ ಪ್ರತಿ ಒಯ್ಯಿರಿ.

ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

ರಾತ್ರಿ ಎಂಟೂವರೆ ಒಂಬತ್ತಕ್ಕೆ ಎಂದಿನ ಊಟ ಮಾಡಿ. ಅಂದು ಹಬ್ಬದೂಟವೂ ಬೇಡ, ಉಪವಾಸವೂ ಬೇಡ. ಆಮೇಲೆ ಕನಿಷ್ಠ ಎಂಟು ಗಂಟೆ ನೀರಿನ ಹೊರತು ಏನೂ ಬಾಯಿಗೆ ಹೋಗಬಾರದು. ಚಹಾ, ಕಾಫಿ, ಎಲೆ ಅಡಿಕೆ, ಬೀಡಿ ಎಲ್ಲವೂ ಇದರಲ್ಲಿ ಸೇರಿದವು. ನೀರು ಮಾತ್ರ ಧಾರಾಳವಾಗಿ ಕುಡಿಯಿರಿ. ನೀರು ಕುಡಿಯದೆ ಬಂದವರ ರಕ್ತನಾಳ ಸಿಗದೆ ಎರಡು ಸಲ ಚುಚ್ಚಬೇಕಾಗುತ್ತದೆ, ಮೂತ್ರವೂ ಬರುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ರಕ್ತ ಕೊಟ್ಟು, ತಿಂಡಿಯ ಸಮಯಕ್ಕೆ ನುಂಗಬೇಕೇ ಎಂದು ತಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ.

ಕಿವಿ ಪರೀಕ್ಷೆ ಇದ್ದರೆ ಹಿಂದಿನ ಸಂಜೆಯಿಂದಲೇ ಸದ್ದಿನಿಂದ ದೂರವಿರಿ. ಜಾತ್ರೆಯ ಧ್ವನಿವರ್ಧಕ, ಟ್ರ್ಯಾಕ್ಟರ್, ಕಿವಿಗೆ ಸಿಕ್ಕಿಸುವ ಇಯರ್‌ಫೋನ್ ಬೇಡ. ಸದ್ದು ಕೇಳಿದ ಕಿವಿ ಹಲವು ಗಂಟೆ ಮಂಕಾಗಿರುತ್ತದೆ.

ಉಡುಪು ಸಡಿಲವಾಗಿರಲಿ, ತೋಳು ಸುಲಭವಾಗಿ ಮೇಲೇರಲಿ, ಮುಂದೆ ಗುಂಡಿಯಿರುವ ಅಂಗಿಯಾದರೆ ಇಸಿಜಿಗೆ ಅನುಕೂಲ. ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡಿ, ಇಸಿಜಿಯ ಬಿಲ್ಲೆಗಳು ಅಂಟುವುದಿಲ್ಲ. ಎಕ್ಸ್‌ರೇಗೆ ಮುನ್ನ ಸರ, ತಾಯಿತ, ಕೊರಳಿನ ಲಿಂಗದ ಕರಡಿಗೆ ತೆಗೆಯಬೇಕಾಗುತ್ತದೆ. ಬೆಳ್ಳಿಯ ನೆರಳು ಶ್ವಾಸಕೋಶದ ಮೇಲೆ ಬಿದ್ದರೆ ಅದರ ಹಿಂದೆ ಏನಿದೆ ಎಂದು ತಿಳಿಯುವುದಿಲ್ಲ. ಕರಡಿಗೆಯನ್ನು ಅಲ್ಲಿಇಲ್ಲಿ ಇಡಲು ಮನಸ್ಸು ಬಾರದು. ಮಡಿವಸ್ತ್ರವೊಂದನ್ನು ಒಯ್ದು ಅದರಲ್ಲಿ ಸುತ್ತಿ ಜೊತೆಗೆ ಬಂದವರ ಕೈಯಲ್ಲಿ ಕೊಡಿ.

ಚೀಲದಲ್ಲಿ ಇಷ್ಟಿರಲಿ: ನೇಮಕಾತಿ ಪತ್ರ ಮತ್ತು ಅದರ ಎರಡು ನೆರಳಚ್ಚು ಪ್ರತಿ, ಖಾಲಿ ನಮೂನೆ, ಆಧಾರ್, ನಾಲ್ಕು ಭಾವಚಿತ್ರ, ಕನ್ನಡಕ, ಹಳೆಯ ವೈದ್ಯಕೀಯ ಕಾಗದ, ಪೆನ್ನು, ಚಿಲ್ಲರೆ ಹಣ. ಭಾವಚಿತ್ರವನ್ನು ಮೊದಲೇ ಅಂಟಿಸಿ, ಆದರೆ ಸಹಿಯನ್ನು ವೈದ್ಯರ ಎದುರಿಗೇ ಹಾಕಿ.

ತಪಾಸಣೆಯ ಕೋಣೆಯಲ್ಲಿ

ಮೊದಲಿಗೆ ಮೈಮೇಲಿನ ಎರಡು ಗುರುತಿನ ಮಚ್ಚೆ ಕೇಳುತ್ತಾರೆ. ವಿಚಿತ್ರವೆನಿಸಿದರೂ ಕೊಡಿ. ಪ್ರಮಾಣಪತ್ರ ಕೊಡುವ ವೈದ್ಯರು ಗುರುತಿನ ಚಿಹ್ನೆ ಬರೆದು, ಪಡೆದವರ ಸಹಿ ಅಥವಾ ಹೆಬ್ಬೆಟ್ಟು ಪಡೆದು ದಾಖಲೆ ಇಡಬೇಕು ಎಂದು 2002ರ ವೈದ್ಯಕೀಯ ನೀತಿ ನಿಯಮಗಳೇ ಹೇಳುತ್ತವೆ. ಮುಖ ನೋಡದೆ ಹಣಕ್ಕೆ ಸಹಿ ಹಾಕಿಕೊಡುವವರ ಬಳಿ ಹೋಗಬೇಡಿ. ಆ ಕಾಗದ ಸುಳ್ಳೆಂದು ಮುಂದೆ ತಿಳಿದರೆ ಕೆಲಸ ಕಳೆದುಕೊಳ್ಳುವವರು ನೀವು.

ರಕ್ತದೊತ್ತಡದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಆರೋಗ್ಯವಂತರೂ ಇಲ್ಲಿ ಎಡವುತ್ತಾರೆ. ಬಸ್ ತಪ್ಪೀತೆಂದು ಓಡಿ, ಮೆಟ್ಟಿಲು ಹತ್ತಿ, ಕೆಲಸ ಸಿಗುವುದೋ ಇಲ್ಲವೋ ಎಂಬ ಆತಂಕದಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತವನ ಒತ್ತಡ 150 ತೋರಿಸುವುದರಲ್ಲಿ ಆಶ್ಚರ್ಯವಿಲ್ಲ. ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಬೆನ್ನು ಕುರ್ಚಿಗೆ ಆನಿಸಿ, ಪಾದ ನೆಲದ ಮೇಲಿಡಿ, ಕಾಲ ಮೇಲೆ ಕಾಲು ಹಾಕಬೇಡಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಮೂತ್ರ ತಡೆದುಕೊಂಡಿರಬೇಡಿ, ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಅಳೆಯುವಾಗ ಮಾತನಾಡಬೇಡಿ. ಹೆಚ್ಚು ಬಂದರೆ, "ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡುತ್ತೀರಾ ಸರ್?" ಎಂದು ವಿನಯದಿಂದ ಕೇಳಿ. ಒಂದೇ ಸಲದ ಅಳತೆಯ ಮೇಲೆ ಅಧಿಕ ರಕ್ತದೊತ್ತಡ ಎಂದು ತೀರ್ಮಾನಿಸುವುದು ಸರಿಯಾದ ಕ್ರಮವಲ್ಲ ಎಂದು ವೈದ್ಯರಿಗೂ ಗೊತ್ತು. ಬೇರೆ ಬೇರೆ ದಿನವೂ 140/90 ಅಥವಾ ಮೇಲೆಯೇ ಇದ್ದರೆ ಚಿಕಿತ್ಸೆ ಬೇಕು.

ಬರಿಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಎಚ್ಚರಿಕೆ. 126 ಅಥವಾ ಹೆಚ್ಚು ಬಂದರೆ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡು ಸಕ್ಕರೆ ಕಾಯಿಲೆ ಎನ್ನುತ್ತಾರೆ. ಊಟದ ನಂತರದ ಪರೀಕ್ಷೆಯೂ ಇದ್ದರೆ ತಿಂಡಿಯ ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ. ಜಗಳೂರಿನ ಹುಡುಗ ಕೊನೆಗೆ ನೆಮ್ಮದಿಯಾಗಿ ಬೆಣ್ಣೆದೋಸೆ ತಿಂದದ್ದು ಆ ಹೊತ್ತಿನಲ್ಲಿ.

ಮೂತ್ರವನ್ನು ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಮುಟ್ಟಿನ ದಿನಗಳಾಗಿದ್ದರೆ ತಂತ್ರಜ್ಞರಿಗೆ ಹೇಳಿಬಿಡಿ. ರಕ್ತ ಬೆರೆತರೆ ವರದಿ ತಪ್ಪುತ್ತದೆ, ನಾಲ್ಕು ದಿನ ಬಿಟ್ಟು ಕೊಡಬಹುದು. ಗರ್ಭಿಣಿಯಾಗಿದ್ದರೆ, ಅನುಮಾನವಿದ್ದರೂ ಸಾಕು, ಎಕ್ಸ್‌ರೇಗೆ ಮುನ್ನ ಹೇಳಲೇಬೇಕು. ಪುರುಷ ವೈದ್ಯರು ಪರೀಕ್ಷಿಸುವಾಗ ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳಲು ಸಂಕೋಚಪಡಬೇಡಿ, ಅದು ನಿಮ್ಮ ಹಕ್ಕು.

ಶ್ವಾಸ ಊದುವ ಪರೀಕ್ಷೆಯಲ್ಲಿ ಮನಸ್ಸಿಟ್ಟು ಊದದಿದ್ದರೆ ಆರೋಗ್ಯವಂತರೂ ರೋಗಿಗಳಂತೆ ಕಾಣುತ್ತಾರೆ. ಎದೆ ತುಂಬ ಉಸಿರೆಳೆದುಕೊಂಡು, ಕೊಳವೆಯ ಸುತ್ತ ತುಟಿ ಬಿಗಿಮಾಡಿ, ಒಲೆ ಊದುವ ಹಾಗೆ ಒಮ್ಮೆಲೇ ಜೋರಾಗಿ ಊದಿ, ಆರು ಸೆಕೆಂಡಿನವರೆಗೂ ಬಿಡದೆ ಮುಂದುವರಿಸಿ. ಮೂರು ಸಲ ಮಾಡಿಸುತ್ತಾರೆ, ಮೊದಲನೆಯದು ಕೆಟ್ಟರೆ ಗಾಬರಿ ಬೇಡ. ಕಿವಿ ಪರೀಕ್ಷೆಯಲ್ಲಿ ಸದ್ದು ಎಷ್ಟೇ ಸಣ್ಣದಾಗಿ ಕೇಳಿದರೂ ಗುಂಡಿ ಒತ್ತಿ. 25 ಡೆಸಿಬಲ್‌ವರೆಗೆ ಕೇಳಿದರೆ ಸಾಮಾನ್ಯ ಶ್ರವಣ.

ಪ್ರಶ್ನೆಗಳ ಹಾಳೆ: ಹೇಳಬೇಕಾದದ್ದು, ಕೇಳಬಾರದ್ದು

ಹಿಂದಿನ ಕಾಯಿಲೆ, ಶಸ್ತ್ರಚಿಕಿತ್ಸೆ, ಮಾತ್ರೆಗಳ ಬಗ್ಗೆ ನಿಜವನ್ನೇ ಬರೆಯಿರಿ. ಆಸ್ತಮಾ ಇದೆ ಎಂದು ಬರೆದವನನ್ನು ಧೂಳಿಲ್ಲದ ವಿಭಾಗಕ್ಕೆ ಹಾಕಬಹುದು. ಬರೆಯದವನು ಧೂಳಿಗೆ ಬಿದ್ದು ಕುಸಿದರೆ, ಮುಚ್ಚಿಟ್ಟದ್ದು ನೀನೇ ಎಂಬ ಮಾತಿನಿಂದ ಹೊರಬರುವುದು ಕಷ್ಟ.

ಆದರೆ ಎಲ್ಲವನ್ನೂ ಕೇಳುವ ಅಧಿಕಾರ ಯಾರಿಗೂ ಇಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಕೆಲಸ ಕೊಡುವುದಕ್ಕೆ ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡುವುದನ್ನು ಅದು ನಿಷೇಧಿಸುತ್ತದೆ, ನಿಮ್ಮ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ. ಕಂಪನಿ ಕೊಟ್ಟ ಪಟ್ಟಿಯಲ್ಲಿ ಅದು ಸೇರಿದ್ದರೆ ರಕ್ತ ಕೊಡುವ ಮೊದಲೇ, "ಇದು ಏಕೆ?" ಎಂದು ಕೇಳಿ. ಪ್ರಯೋಗಾಲಯದಲ್ಲಿ ನಾನು ಪಟ್ಟಿಯನ್ನು ಓದಿ ಹೇಳಿಯೇ ಸೂಜಿ ಹಿಡಿಯುತ್ತೇನೆ. ನಿಮ್ಮ ತಂತ್ರಜ್ಞರು ಹೇಳದಿದ್ದರೆ ಕೇಳಿ ತಿಳಿದುಕೊಳ್ಳಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಮುಟ್ಟು ಯಾವಾಗ ಆಯಿತು, ಎಷ್ಟು ಸಲ ಗರ್ಭ ನಿಂತಿತ್ತು ಎಂದೆಲ್ಲ ಕೇಳುವ ಅರ್ಜಿಯ ಅಂಕಣಗಳನ್ನು ಸುಪ್ರೀಂ ಕೋರ್ಟ್ 1991ರಲ್ಲೇ ನೀರಾ ಮಾಥುರ್ ಪ್ರಕರಣದಲ್ಲಿ ಹೆಣ್ಣಿನ ಮಾನಕ್ಕೆ ಕುಂದು ತರುವಂಥವು ಎಂದು ಕಂಡು, ತೆಗೆದುಹಾಕುವಂತೆ ಜೀವವಿಮಾ ನಿಗಮಕ್ಕೆ ಹೇಳಿತು. ಎಕ್ಸ್‌ರೇ ಕೋಣೆಯಲ್ಲಿ ಮಗುವಿನ ರಕ್ಷಣೆಗಾಗಿ ತಂತ್ರಜ್ಞರು ಕೇಳುವುದು ಬೇರೆ, ಕೆಲಸ ಕೊಡಬೇಕೋ ಬೇಡವೋ ಎಂದು ನಿರ್ಧರಿಸಲು ಕಚೇರಿಯವರು ಕೇಳುವುದು ಬೇರೆ.

ವರದಿ ಬಂದ ಮೇಲೆ

ವೈದ್ಯರು ಸಾಮಾನ್ಯವಾಗಿ ನಾಲ್ಕರಲ್ಲಿ ಒಂದನ್ನು ಬರೆಯುತ್ತಾರೆ: ಅರ್ಹ, ಷರತ್ತಿನ ಮೇಲೆ ಅರ್ಹ, ತಾತ್ಕಾಲಿಕವಾಗಿ ಅನರ್ಹ, ಅನರ್ಹ. 'ತಾತ್ಕಾಲಿಕವಾಗಿ' ಎಂಬ ಪದವನ್ನು ಓದದೆ ಕೆಲಸವೇ ಹೋಯಿತೆಂದು ಅಳುತ್ತಾ ಮನೆಗೆ ಹೋದವರನ್ನು ವಾಪಸು ಕರೆಸಿದ್ದೇನೆ. ರಕ್ತಹೀನತೆ, ಏರಿದ ರಕ್ತದೊತ್ತಡ, ಹತೋಟಿ ತಪ್ಪಿದ ಸಕ್ಕರೆ, ಅಂಡವಾಯು, ಚಿಕಿತ್ಸೆಯಲ್ಲಿರುವ ಕ್ಷಯ, ಇವೆಲ್ಲ ಬಹುಪಾಲು ಸರಿಪಡಿಸಬಹುದಾದವು. ಕೂಡಲೇ ಮಾಡಬೇಕಾದದ್ದು ಎರಡು ಕೆಲಸ. ಏನು ಕಾರಣ, ಎಷ್ಟು ದಿನದ ಮೇಲೆ ಮರುತಪಾಸಣೆ ಎಂದು ಬರಹದಲ್ಲಿ ಪಡೆಯಿರಿ. ಕೆಲಸಕ್ಕೆ ಸೇರುವ ದಿನವನ್ನು ಮುಂದೂಡುವಂತೆ ಆ ಕಾಗದದ ಪ್ರತಿಯೊಂದಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಅನರ್ಹ ಎಂದೇ ಬಂದರೆ ಕಾರಣ ಕೇಳಿ, ಇನ್ನೊಬ್ಬ ತಜ್ಞರ ಬಳಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಸರ್ಕಾರಿ ಮತ್ತು ರೈಲ್ವೆ ನೇಮಕಾತಿಗಳಲ್ಲಿ ಮೇಲ್ಮನವಿಗೆ ದಾರಿಯಿದೆ, ಅದರ ಅವಧಿ ಚಿಕ್ಕದು. ಪತ್ರ ಕೈಗೆ ಬಂದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಡಿ. ಅಂಗವೈಕಲ್ಯ ಇರುವವರನ್ನು ಆ ಒಂದೇ ಕಾರಣಕ್ಕೆ ಸರ್ಕಾರಿ ಸಂಸ್ಥೆಗಳು ತಾರತಮ್ಯದಿಂದ ಕಾಣುವಂತಿಲ್ಲ ಎಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೇಳುತ್ತದೆ.

ಮೂಲ ಪ್ರತಿ ಅವರಿಗೆ, ಒಂದು ಪ್ರತಿ ಮನೆಗೆ

ಪ್ರಮಾಣಪತ್ರ ಒಪ್ಪಿಸುವ ಮುನ್ನ ಪ್ರತಿಯೊಂದು ಹಾಳೆಯ ನೆರಳಚ್ಚು ತೆಗೆಸಿ. 'ಅರ್ಹ' ಎಂಬ ಒಂದು ಸಾಲಿನ ಪತ್ರವಷ್ಟೇ ಸಾಲದು. ರಕ್ತದ ವರದಿ, ಎಕ್ಸ್‌ರೇ ಫಿಲ್ಮ್, ಶ್ವಾಸ ಪರೀಕ್ಷೆಯ ನಕ್ಷೆ, ಕಿವಿಯ ನಕ್ಷೆ ಎಲ್ಲವೂ ಬೇಕು. ಕಂಪನಿಯೇ ಮಾಡಿಸಿದ್ದರೂ ಪ್ರತಿ ಕೇಳಿ. ವೈದ್ಯಕೀಯ ದಾಖಲೆಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ಆ ನಿಯಮಗಳಲ್ಲೇ ಇದೆ. ಇಸಿಜಿ ಹಾಳೆಯ ಗೆರೆಗಳು ವರ್ಷಗಳಲ್ಲಿ ಮಾಸುತ್ತವೆ, ಮೊಬೈಲ್‌ನಲ್ಲಿ ಚಿತ್ರವನ್ನೂ ತೆಗೆದಿಡಿ. ಎಕ್ಸ್‌ರೇ ಫಿಲ್ಮನ್ನು ಮಡಚಬೇಡಿ, ಬಿಸಿಲಿಗೆ ಇಡಬೇಡಿ.

ನನ್ನ ತಮ್ಮ ಚಿತ್ರದುರ್ಗ ಜಿಲ್ಲೆಯ ಒಂದು ಗಣಿಗೆ ಸೇರಿದಾಗ ಅವನ ಕಿವಿಯ ನಕ್ಷೆಯ ಪ್ರತಿ ತೆಗೆಸಿ ಅಮ್ಮನ ಟ್ರಂಕಿನಲ್ಲಿ ಇಟ್ಟಿದ್ದೆ. ಐದು ವರ್ಷಕ್ಕೆ ಎರಡನೆಯ ತಪಾಸಣೆ ಆಯಿತು. ಅಲ್ಲಿ, "ಎಲ್ಲ ಸರಿಯಿದೆ, ಸಣ್ಣ ವ್ಯತ್ಯಾಸ" ಎಂದು ಕಳುಹಿಸಿದ್ದರು. ಅಡುಗೆಮನೆಯ ನೆಲದ ಮೇಲೆ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಹಾಸಿಕೊಂಡು ಕುಳಿತೆವು. ಮೊದಲನೆಯದರಲ್ಲಿ ಗೆರೆ ನೇರವಾಗಿತ್ತು. ಎರಡನೆಯದರಲ್ಲಿ ಎರಡೂ ಕಿವಿಗಳ ಗೆರೆ 4000 ಹರ್ಟ್ಸ್ ಬಳಿ ಹಳ್ಳಕ್ಕೆ ಇಳಿದಂತೆ ಕೆಳಗೆ ಹೋಗಿತ್ತು. ಸದ್ದಿನಿಂದ ಕೆಡುವ ಕಿವಿ ಮೊದಲು ಸೋಲುವುದು ಅದೇ ಜಾಗದಲ್ಲಿ. ಮರುದಿನ ಅವನು ಎರಡೂ ಹಾಳೆಗಳನ್ನು ಹಿಡಿದುಕೊಂಡೇ ಪಾಳಿಗೆ ಹೋದ. ಆ ತಿಂಗಳೇ ಅವನನ್ನು ಕೊರೆಯುವ ಯಂತ್ರದಿಂದ ಲಾರಿ ತೂಗುವ ವೇಬ್ರಿಡ್ಜ್‌ನ ಕೆಲಸಕ್ಕೆ ಬದಲಾಯಿಸಿದರು. ಹಾಳೆಗಳು ಮತ್ತೆ ಟ್ರಂಕಿಗೆ ಬಂದಿವೆ, ಮೂರನೆಯದಕ್ಕೂ ಜಾಗ ಬಿಟ್ಟಿದ್ದೇವೆ.